ಹಾಜರಿ ಪುಸ್ತಕದ ಹೊರಗಿನವರು

(ಕಲಬುರಗಿಯ ಪದವಿ ಕಾಲೇಜೊಂದರ ರಾಷ್ಟ್ರೀಯ ಸೇವಾ ಯೋಜನೆ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ವೇದಿಕೆಯ ಮೇಲಿರುವ ಹಿರಿಯರಿಗೂ ಮುಂದೆ ಕುಳಿತಿರುವ ನಿಮಗೆಲ್ಲರಿಗೂ ನಮಸ್ಕಾರ.

ಕೋವಿಡ್ ಬಂದಾಗ ನಿಮ್ಮಲ್ಲಿ ಬಹಳಷ್ಟು ಜನ ಇನ್ನೂ ಶಾಲೆಯಲ್ಲಿದ್ದಿರಿ. ಪರೀಕ್ಷೆ ಇಲ್ಲದೆ ಪಾಸಾದದ್ದು, ಮನೆಯಲ್ಲಿದ್ದ ಒಂದೇ ಮೊಬೈಲಿಗಾಗಿ ಅಣ್ಣ ತಂಗಿ ಜಗಳಾಡಿದ್ದು, ಕೆಲವರ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಆಸ್ಪತ್ರೆಗೆ ಹೋದವರು ಮರಳಿ ಬಾರದಿದ್ದದ್ದು ನೆನಪಿರುತ್ತದೆ. ಆ ದಿನಗಳ ವೈದ್ಯರ ಬಗ್ಗೆ, ನರ್ಸ್‌ಗಳ ಬಗ್ಗೆ, ಪೊಲೀಸರ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಅವರಿಗೆ ಸಂದ ಗೌರವದಲ್ಲಿ ಒಂದು ಹೂವನ್ನೂ ನಾನು ಹಿಂದಕ್ಕೆ ಕೇಳುವುದಿಲ್ಲ. ಆದರೆ ನಾನು ಫಾರ್ಮಾಸಿಸ್ಟ್ ಆಗಿದ್ದವನು, ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಸ್ಟೋರ್ ನನ್ನ ಹೊಣೆಯಲ್ಲಿತ್ತು. ಸ್ಟೋರಿನ ಬಾಗಿಲಿಗೆ ವೈದ್ಯರು ಬರುವುದು ಅಪರೂಪ. ಅಲ್ಲಿಗೆ ಬರುವವರು ಇಂಡೆಂಟ್ ಚೀಟಿ ಹಿಡಿದ ಆಯಾಗಳು, ವಾರ್ಡ್ ಬಾಯ್‌ಗಳು, ಕಸದ ಬಂಡಿ ತಳ್ಳುವವರು, ಆಂಬುಲೆನ್ಸ್ ಚಾಲಕರು. ಎರಡು ವರ್ಷದ ಕೋವಿಡ್ಡನ್ನು ನಾನು ಅವರ ಮುಖದಲ್ಲಿ ನೋಡಿದ್ದೇನೆ. ಆದ್ದರಿಂದ ಇವತ್ತಿನ ಮಾತು ಅವರದು.

ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಎಂದು ದಾಖಲಾಗಿರುವುದು ನಮ್ಮೂರಿನದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದು ಕಲಬುರಗಿಗೆ ಮರಳಿ ತರುವ ದಾರಿಯಲ್ಲಿ ಪ್ರಾಣ ಹೋಗಿತ್ತು. ಗಂಟಲ ದ್ರವದ ಪರೀಕ್ಷೆಗೆ ಆಗ ಇಲ್ಲಿ ಪ್ರಯೋಗಾಲಯ ಇರಲಿಲ್ಲ. ಮಾದರಿ ಬೆಂಗಳೂರಿಗೆ ಹೋಯಿತು. ಸೋಂಕು ಇತ್ತೆಂದು ಪ್ರಕಟವಾದದ್ದು 12ರಂದು. ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಿಗೂ ಆಮೇಲೆ ಸೋಂಕು ತಗುಲಿತು. ಇಷ್ಟು ಸಂಗತಿ ಪತ್ರಿಕೆಗಳಲ್ಲಿ ಬಂದಿದೆ. ಈಗ ಇದರೊಳಗೆ ಎಷ್ಟು ಕೈಗಳಿವೆ ಎಂದು ಲೆಕ್ಕ ಹಾಕಿ. ಆ ವಾಹನ ಓಡಿಸಿದವರು, ಸ್ಟ್ರೆಚರ್ ಹಿಡಿದವರು, ವಾಹನದ ಒಳಭಾಗ ತೊಳೆದವರು, ಹಾಸಿಗೆಯ ಬಟ್ಟೆ ಬದಲಿಸಿದವರು, ಮಾದರಿಯ ಕೊಳವೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರುನೂರು ಕಿಲೋಮೀಟರ್ ಆಚೆಗೆ ಮುಟ್ಟಿಸಿದವರು. ಸೋಂಕು ಖಚಿತವಾಗುವ ಹೊತ್ತಿಗೆ ಇವರಲ್ಲಿ ಬಹುತೇಕ ಎಲ್ಲರ ಕೆಲಸ ಮುಗಿದಿತ್ತು. ಅಂದರೆ, ದೇಶಕ್ಕೆ ಭಯ ಏನೆಂದು ಗೊತ್ತಾಗುವ ಮೊದಲೇ ಅವರು ಅದನ್ನು ಮುಟ್ಟಿ ಮುಗಿಸಿದ್ದರು. ಆ ಹಿರಿಯರ ವಯಸ್ಸು, ಪ್ರಯಾಣದ ವಿವರ, ಕುಟುಂಬದ ಸಂಗತಿ ಎಲ್ಲವೂ ಟಿವಿಯಲ್ಲಿ ಬಂದವು. ಬರಬಾರದಿದ್ದವೂ ಬಂದವು. ಈ ಕೈಗಳ ಬಗ್ಗೆ ಯಾರೂ ಒಂದು ಸಾಲು ಕೇಳಲಿಲ್ಲ.

ನಾವು ಅವರನ್ನು ಮರೆತದ್ದಕ್ಕೆ ಕಲ್ಲು ಮನಸ್ಸು ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಕಲಬುರಗಿಯ ಜನ ಕಲ್ಲು ಮನಸ್ಸಿನವರಲ್ಲ. ಲಾಕ್‌ಡೌನಿನಲ್ಲಿ ಓಣಿಓಣಿಯಲ್ಲಿ ಅನ್ನ ಬೇಯಿಸಿ ಹಂಚಿದ್ದನ್ನು ನೋಡಿದ್ದೇನೆ. ಮರೆವು ಇದ್ದದ್ದು ಕಾಗದದಲ್ಲಿ. ಈ ಜನರನ್ನು ಕೆಲಸಕ್ಕೆ ಇಟ್ಟುಕೊಂಡ ರೀತಿಯಲ್ಲೇ ಅವರ ಹೆಸರು ಕಾಣದಂತೆ ಏರ್ಪಾಡಾಗಿತ್ತು. ಇದನ್ನೇ ನಾನು ಇವತ್ತು ನಿಮಗೆ ತೋರಿಸಬೇಕೆಂದಿದ್ದೇನೆ.

ಆಮ್ಲಜನಕದಿಂದ ಶುರು ಮಾಡುತ್ತೇನೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ.

ಆಸ್ಪತ್ರೆಯಲ್ಲಿ ಬಳಸುವ ದೊಡ್ಡ ಸಿಲಿಂಡರಿಗೆ ಜಂಬೋ ಎನ್ನುತ್ತಾರೆ. ಕಪ್ಪು ಮೈ, ಬಿಳಿ ಹೆಗಲು. ಅದರಲ್ಲಿ ಸುಮಾರು 7,000 ಲೀಟರ್ ಅನಿಲವನ್ನು ಅಧಿಕ ಒತ್ತಡದಲ್ಲಿ ತುಂಬಿರುತ್ತಾರೆ. ತುಂಬಿದ ಸಿಲಿಂಡರಿನ ತೂಕ ಅರವತ್ತು ಕಿಲೋ ದಾಟುತ್ತದೆ. ಖಾಲಿಯಾದರೆ ಹಗುರಾಗುತ್ತದೆ ಎಂದುಕೊಳ್ಳಬೇಡಿ; ಒಳಗಿನ ಅನಿಲದ ತೂಕ ಹತ್ತು ಕಿಲೋದೊಳಗೆ, ಉಳಿದದ್ದೆಲ್ಲ ಉಕ್ಕು. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಒಂದು ಜಂಬೋ ಹನ್ನೊಂದೂವರೆ ಗಂಟೆ ಬರುತ್ತದೆ. ಅದೇ 20 ಹಾಸಿಗೆಯ ವಾರ್ಡಿನಲ್ಲಿ ಎಲ್ಲರಿಗೂ 10 ಲೀಟರ್ ಬೇಕಾದರೆ? ಮೂವತ್ತೈದು ನಿಮಿಷಕ್ಕೆ ಒಂದು ಸಿಲಿಂಡರ್. ದಿನಕ್ಕೆ 41. ತುಂಬಿದ 41 ಒಳಗೆ ಬರಬೇಕು, ಖಾಲಿಯಾದ 41 ಹೊರಗೆ ಹೋಗಬೇಕು. ಕೆಲವು ರೋಗಿಗಳಿಗೆ ಹಾಕುವ ಅಧಿಕ ಹರಿವಿನ ಯಂತ್ರಕ್ಕೆ ನಿಮಿಷಕ್ಕೆ 60 ಲೀಟರ್ ವರೆಗೂ ಬೇಕು. ಆಗ ಒಬ್ಬರಿಗೇ ಒಂದು ಸಿಲಿಂಡರ್ ಎರಡು ಗಂಟೆಯೂ ಬರುವುದಿಲ್ಲ.

2021ರ ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸ ಮಾಡಿದವರು ಯಾರು? ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇಬ್ಬರು ಹುಡುಗರಿದ್ದರು, ಇಬ್ಬರೂ ಹೊರಗುತ್ತಿಗೆಯವರು. ಒಬ್ಬ ಅಫಜಲಪುರ ಕಡೆಯವನು, ಇನ್ನೊಬ್ಬ ಇಲ್ಲಿಯವನೇ. ಸಿಲಿಂಡರನ್ನು ಎತ್ತುವುದಲ್ಲ, ಓರೆ ಮಾಡಿ ಬುಡದ ಅಂಚಿನ ಮೇಲೆ ತಿರುಗಿಸುತ್ತ ಸಾಗಿಸಬೇಕು. ಎಡಗೈ ತಲೆಯ ಮೇಲೆ, ಬಲಗೈ ಹೆಗಲ ಮೇಲೆ, ಕಾಲು ದೂರ. ತಪ್ಪಿ ಬಿದ್ದರೆ ಪಾದ ಚೂರಾಗುತ್ತದೆ. ವಾಲ್ವ್‌ಗೆ ಎಣ್ಣೆ, ಗ್ರೀಸ್ ತಾಗಬಾರದು. ಆ ಒತ್ತಡದ ಆಮ್ಲಜನಕ ಎಣ್ಣೆಗೆ ಸೋಕಿದರೆ ಕಿಡಿಯಿಲ್ಲದೆಯೂ ಬೆಂಕಿ ಹತ್ತಬಹುದು. ಕೈಗೆ ಹಚ್ಚಿದ ಸ್ಯಾನಿಟೈಸರ್ ಪೂರ್ತಿ ಆರುವವರೆಗೆ ವಾಲ್ವ್ ಮುಟ್ಟಬಾರದೆಂದು ಅವರಿಗೆ ಹೇಳಿದ್ದೆವು. ಸಿಲಿಂಡರುಗಳನ್ನು ವಾರ್ಡಿಗೆ ಹೋಗುವ ಕೊಳವೆಗೆ ಜೋಡಿಸುವ ಮ್ಯಾನಿಫೋಲ್ಡ್ ಕೊಠಡಿಯಲ್ಲಿ ಎರಡು ಸಾಲು ಸಿಲಿಂಡರ್ ಇರುತ್ತವೆ. ಒಂದು ಸಾಲಿನ ಒತ್ತಡದ ಮುಳ್ಳು ಇಳಿದ ಕೂಡಲೇ ಇನ್ನೊಂದು ಸಾಲಿಗೆ ತಿರುಗಿಸಿ, ಖಾಲಿಯಾದವನ್ನು ಬಿಚ್ಚಿ ಹೊಸದನ್ನು ಜೋಡಿಸಬೇಕು. ಮುಳ್ಳು ನೋಡುವವನು ಹತ್ತು ನಿಮಿಷ ತೂಕಡಿಸಿದರೆ ಮೇಲಿನ ವಾರ್ಡಿನಲ್ಲಿ ಏನಾಗುತ್ತದೆ ಎಂಬುದು ಆ ಇಬ್ಬರಿಗೂ ಗೊತ್ತಿತ್ತು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ 24 ರೋಗಿಗಳು ಸತ್ತ ಸುದ್ದಿ ಬಂದ ಮೇಲೆ ಅಫಜಲಪುರದ ಹುಡುಗ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟ. "ಕೂತರೆ ಕಣ್ಣು ಹತ್ತುತ್ತದೆ ಸರ್, ನಿಂತೇ ಇರುತ್ತೇನೆ" ಎಂದ. ಗೋಡೆಗೆ ಬೆನ್ನು ಆನಿಸಿ, ಮುಳ್ಳಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ನನ್ನ ಮೇಜಿನ ಮೇಲೆ ಸಿಲಿಂಡರ್ ರಿಜಿಸ್ಟರ್ ಇತ್ತು. ಪ್ರತಿ ಸಿಲಿಂಡರಿಗೂ ಕ್ರಮಸಂಖ್ಯೆ. ಬಂದ ದಿನಾಂಕ, ಬಂದ ವಾಹನದ ಸಂಖ್ಯೆ, ವಾರ್ಡಿಗೆ ಕೊಟ್ಟ ಹೊತ್ತು, ಖಾಲಿಯಾಗಿ ಮರಳಿದ ಹೊತ್ತು, ಕೊಟ್ಟವರ ಸಹಿ, ಪಡೆದವರ ಸಹಿ. ಕೊಟ್ಟವನು ನಾನು, ಪಡೆದವರು ವಾರ್ಡಿನ ನರ್ಸ್. ನಡುವೆ ಅದನ್ನು ಉರುಳಿಸಿಕೊಂಡು ಹೋದವನಿಗೆ ಆ ಪುಟದಲ್ಲಿ ಕಾಲಂ ಇರಲಿಲ್ಲ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲೂ ಅವನ ಹೆಸರಿಲ್ಲ, ಯಾಕೆಂದರೆ ಅವನು ಆಸ್ಪತ್ರೆಯ ನೌಕರನಲ್ಲ. ಅವನ ಹಾಜರಿ ಗುತ್ತಿಗೆದಾರನ ಮೇಸ್ತ್ರಿಯ ಕಿಸೆಯಲ್ಲಿದ್ದ ಪಾಕೆಟ್ ಡೈರಿಯಲ್ಲಿತ್ತು. ಗುತ್ತಿಗೆ ಬದಲಾಯಿತು, ಮೇಸ್ತ್ರಿ ಹೋದ, ಡೈರಿಯೂ ಹೋಯಿತು. ಇವತ್ತು ಯಾರಾದರೂ ಆ ರಿಜಿಸ್ಟರ್ ತೆರೆದರೆ 2021ರ ಮೇ ತಿಂಗಳಲ್ಲಿ ಯಾವ ಸಂಖ್ಯೆಯ ಸಿಲಿಂಡರ್ ಎಷ್ಟು ಗಂಟೆಗೆ ಎಲ್ಲಿತ್ತು ಎಂದು ಹೇಳಬಹುದು. ಆ ಇಬ್ಬರು ಹುಡುಗರು ಅಲ್ಲಿದ್ದರು ಎಂಬುದಕ್ಕೆ ಸರ್ಕಾರದ ಬಳಿ ಒಂದು ತುಂಡು ಕಾಗದವೂ ಇಲ್ಲ.

ಇದು ನನ್ನನ್ನು ಇವತ್ತಿಗೂ ಸುಡುತ್ತದೆ.

ಇನ್ನು ಆಯಾಗಳ ಮಾತು. ಕೋವಿಡ್ ವಾರ್ಡಿನ ಕಸಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಚ್‌ನಲ್ಲೇ ನಿಯಮ ಮಾಡಿತು. ಒಂದರೊಳಗೆ ಒಂದು ಚೀಲ, ಮೇಲೆ ಕೋವಿಡ್ ತ್ಯಾಜ್ಯ ಎಂಬ ಚೀಟಿ, ಡಬ್ಬಿಗೆ ಮತ್ತು ಬಂಡಿಗೆ ದಿನಾಲೂ ಶೇ. 1ರ ಹೈಪೋಕ್ಲೋರೈಟ್ ದ್ರಾವಣ. ದ್ರಾವಣ ತಯಾರಿಸುವುದೂ ಆಯಾಗಳೇ. ಶೇ. 5ರ ಔಷಧ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು ಬೆರೆಸಬೇಕು. ಬಿಸಿಲಿಗೆ, ಬೆಳಕಿಗೆ ಅದರ ಶಕ್ತಿ ಕುಂದುವುದರಿಂದ ಪಾಳಿಗೊಮ್ಮೆ ಹೊಸದಾಗಿ ಮಾಡಬೇಕು. ಓದು ಬಾರದ ಒಬ್ಬ ಆಯಾ ಅಕ್ಕ ಬಕೆಟ್ಟಿನ ಒಳಗೋಡೆಗೆ ನೇಲ್ ಪಾಲಿಶ್‌ನಿಂದ ಎರಡು ಗೆರೆ ಎಳೆದುಕೊಂಡಿದ್ದರು. ಕೆಳಗಿನ ಗೆರೆಯವರೆಗೆ ಔಷಧ, ಮೇಲಿನ ಗೆರೆಯವರೆಗೆ ನೀರು. ಅಳತೆ ಹಾಕಿ ನೋಡಿದೆ, ಕರಾರುವಾಕ್ಕಾಗಿತ್ತು. ಆಮೇಲೆ ಉಳಿದ ವಾರ್ಡುಗಳ ಬಕೆಟ್ಟುಗಳಿಗೂ ಅವರಿಂದಲೇ ಗೆರೆ ಎಳೆಸಿದೆವು. ಆ ದ್ರಾವಣದಲ್ಲಿ ದಿನವಿಡೀ ಕೈಯಾಡಿಸಿ, ಕೈಗವಸಿನ ಒಳಗೆ ಬೆವರಿ, ಅವರ ಬೆರಳ ತುದಿಯ ಚರ್ಮ ಸುಲಿದು ಹೋಗಿತ್ತು. ಆಧಾರ್ ಯಂತ್ರ ಬೆರಳಚ್ಚು ಗುರುತಿಸಲಿಲ್ಲ ಎಂದು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಿದ್ದನ್ನು ನನಗೆ ಹೇಳುವಾಗಲೂ ಅವರ ದನಿಯಲ್ಲಿ ದೂರು ಇರಲಿಲ್ಲ.

ನಮ್ಮ ಊರಿನ ಬೇಸಿಗೆ ನಿಮಗೆ ಗೊತ್ತು. ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯಲ್ಲ. ಗಾಳಿಯಾಡದ ಪಿಪಿಇ ಕಿಟ್ಟಿನೊಳಗೆ, ಕೂಲರ್ ಹಾಕಬಾರದ ವಾರ್ಡಿನಲ್ಲಿ, ನೀರು ಕುಡಿಯದೆ, ಮೂತ್ರಕ್ಕೆ ಹೋಗದೆ ಒಂದು ಪಾಳಿ ಕಳೆಯಬೇಕಿತ್ತು. ಕಿಟ್ ಒಮ್ಮೆ ಬಿಚ್ಚಿದರೆ ಮತ್ತೊಂದು ಸಿಗುವ ಖಾತರಿ ಇಲ್ಲ. ವೈದ್ಯರು ಸುತ್ತು ಮುಗಿಸಿ ಹೊರಗೆ ಬರಬಹುದಿತ್ತು, ನರ್ಸ್‌ಗಳಿಗೆ ಕಷ್ಟಪಟ್ಟಾದರೂ ಒಂದು ಕೊಠಡಿ ಇತ್ತು. ಆಯಾಗಳು ಮುಟ್ಟಿನ ದಿನಗಳಲ್ಲೂ ಅದೇ ಕಿಟ್ಟಿನಲ್ಲಿ, ರೋಗಿಯ ಹಾಸಿಗೆ ಒರೆಸುತ್ತ, ಬೆಡ್‌ಪ್ಯಾನ್ ತೆಗೆಯುತ್ತ ಇದ್ದರು. ರೋಗಿಯ ಜೊತೆ ಮನೆಯವರು ಇರುವಂತಿಲ್ಲದ ಕಾಲ ಅದು. ಬಾಯಿಗೆ ನೀರು ಬಿಟ್ಟವರು, ಮಗಳಿಗೆ ಫೋನ್ ಹಚ್ಚಿ ಕಿವಿಗೆ ಹಿಡಿದವರು, ಕೊನೆಗೆ ಕಣ್ಣು ಮುಚ್ಚಿದವರು ಬಹಳ ಸಲ ಅವರೇ. ನಿಮ್ಮ ಮನೆಯ ಹಿರಿಯರು ಆ ವಾರ್ಡಿನಲ್ಲಿ ತೀರಿಕೊಂಡಿದ್ದರೆ, ಅವರು ಕೊನೆಯದಾಗಿ ನೋಡಿದ ಮುಖ ಕನ್ನಡಕ ಮಾಸ್ಕಿನ ಹಿಂದಿದ್ದ ಒಬ್ಬ ಆಯಾ ಅಕ್ಕನದು ಆಗಿರಬಹುದು.

ಈಗ ಆಸ್ಪತ್ರೆಯಿಂದ ಹೊರಗೆ ಬರೋಣ. ಆಶಾ ಕಾರ್ಯಕರ್ತೆಯರ ಕಥೆ ನಮ್ಮ ಭಾಗದಲ್ಲಿ ಬೇರೆ ಜಿಲ್ಲೆಗಳಿಗಿಂತ ಭಿನ್ನ. ಕಾರಣ ಗುಳೆ. ಯಾದಗಿರಿಯ, ಕಲಬುರಗಿಯ, ಬೀದರಿನ ಹಳ್ಳಿ ತಾಂಡಾಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಹಾರಾಷ್ಟ್ರದಲ್ಲಿ ಸೋಂಕು ಉರಿಯುತ್ತಿದ್ದ 2020ರ ಮೇ ತಿಂಗಳಲ್ಲಿ ಅವರೆಲ್ಲ ಮರಳಿದರು. ರೈಲಿನಲ್ಲಿ, ಬಸ್ಸಿನಲ್ಲಿ, ಗಡಿಯವರೆಗೆ ಲಾರಿಯಲ್ಲಿ, ಕೆಲವರು ನಡೆದು. ಶಾಲೆ, ಹಾಸ್ಟೆಲ್‌ಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ಯಾದಗಿರಿಯಂಥ ಸಣ್ಣ ಜಿಲ್ಲೆಯಲ್ಲಿ ದಿನದಿನಕ್ಕೆ ಪ್ರಕರಣ ಏರಿತು. ಬಂದವರ ಪಟ್ಟಿ ಮಾಡುವುದು, ಯಾವ ಮನೆಯಲ್ಲಿ ಯಾರು ಹಿತ್ತಲಿನಿಂದ ಬಂದು ಸೇರಿದ್ದಾರೆಂದು ತಿಳಿಯುವುದು, ಗರ್ಭಿಣಿ ಇದ್ದರೆ ಅವಳಿಗೆ ಕಬ್ಬಿಣದ ಮಾತ್ರೆ ತಪ್ಪದಂತೆ ನೋಡುವುದು, ಇವೆಲ್ಲ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇರುವ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಬಂದವು. ಅವರು ಅದೇ ಊರಿನ ಸೊಸೆ. ಯಾರ ಮನೆಯ ಬಾಗಿಲಿಗೆ ಚೀಟಿ ಅಂಟಿಸಬೇಕೋ ಆ ಮನೆ ಚಿಕ್ಕಮ್ಮನದೋ ಭಾವನದೋ ಆಗಿರುತ್ತದೆ. ಪೊಲೀಸರು ಬಂದು ಹೋಗುತ್ತಾರೆ, ತಹಶೀಲ್ದಾರರು ಬಂದು ಹೋಗುತ್ತಾರೆ. ಆಕೆ ಮರುದಿನ ಅದೇ ಕೊಳಾಯಿಯ ಮುಂದೆ ಕೊಡ ಹಿಡಿದು ಪಾಳಿಗೆ ನಿಲ್ಲಬೇಕು. "ನೀನೇ ಹೆಸರು ಬರೆಸಿದವಳು" ಎಂಬ ಮಾತು ಕೇಳುತ್ತಲೇ ನೀರು ತುಂಬಿಕೊಂಡು ಬರಬೇಕು.

2020ರ ಜುಲೈ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರನ್ನು ಹೊಗಳಿ ಪ್ರಕಟಣೆ ಹೊರಡಿಸಿತು. ರಾಜ್ಯದ ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಸಮೀಕ್ಷೆಯಲ್ಲಿ ಅವರ ಪಾಲನ್ನು ಅದರಲ್ಲಿ ಸ್ಮರಿಸಿತ್ತು. ಅದೇ ಜುಲೈ 10ರಂದು ಅದೇ ಆಶಾ ಕಾರ್ಯಕರ್ತೆಯರು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದರು. ಕೇಳಿದ್ದೇನು? ತಿಂಗಳಿಗೆ ಖಚಿತವಾಗಿ 12,000 ರೂಪಾಯಿ, ಮತ್ತು ಸರಿಯಾದ ಮಾಸ್ಕು, ಕೈಗವಸು. ಆಗ ರಾಜ್ಯ ಸರ್ಕಾರದಿಂದ ಅವರಿಗೆ ಸಿಗುತ್ತಿದ್ದ ನಿಗದಿತ ಹಣ 4,000. ಉಳಿದದ್ದು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ, ಅದೂ ತಡವಾಗಿ. ಮುಂದೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ನನಗೆ ಹೆಮ್ಮೆಯಾಯಿತು. ಆದರೆ ಆ ಪ್ರಶಸ್ತಿಯ ಸುದ್ದಿಯನ್ನು ಒಬ್ಬ ಆಶಾ ಕಾರ್ಯಕರ್ತೆಗೆ ಹೇಳಿದಾಗ ಅವರು ಕೇಳಿದ್ದು, "ಸರ್, ಮೂರು ತಿಂಗಳ ಪ್ರೋತ್ಸಾಹಧನ ಇನ್ನೂ ಬಂದಿಲ್ಲ, ಅದಕ್ಕೆ ಯಾರನ್ನು ಕೇಳಬೇಕು?" ಆ ಪ್ರಶ್ನೆಯನ್ನು ನಾನು ಪ್ರಶಸ್ತಿಗಿಂತ ದೊಡ್ಡದೆಂದು ತಿಳಿಯುತ್ತೇನೆ.

ಉಳಿದವರ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ, ಹೇಳದೆ ಬಿಡಲಾರೆ. ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ಮೊಬೈಲಿನಲ್ಲಿ ದಿನವೂ ಕೇಳಿದೆವು. ಆ ನೀರು ಸರಡಗಿಯ ಬಳಿ ಭೀಮೆಯಿಂದ, ಬೆಣ್ಣೆತೊರೆಯಿಂದ ಬರಬೇಕು. ಪಂಪ್ ನಡೆಸುವವರು, ಓಣಿಓಣಿಗೆ ವಾಲ್ವ್ ತಿರುಗಿಸುವವರು ಒಂದು ದಿನವೂ ಮನೆಯಲ್ಲಿ ಕೂರಲಿಲ್ಲ. 2020ರ ಏಪ್ರಿಲ್‌ನಿಂದ ತಲೆಗೆ 5 ಕಿಲೋ ಉಚಿತ ಧಾನ್ಯ ಬಂತು. ಗೋದಾಮಿನಲ್ಲಿ 50 ಕಿಲೋದ ಚೀಲಗಳನ್ನು ಬೆನ್ನ ಮೇಲೆ ಹೊತ್ತವರು ಹಮಾಲರು, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದೆ ಆಗದ ಕೆಲಸ ಅದು. ವಾಡಿ ಜಂಕ್ಷನ್ನಿನಲ್ಲಿ ಪ್ರಯಾಣಿಕರ ರೈಲು ನಿಂತರೂ ಗೂಡ್ಸ್ ರೈಲು ನಿಲ್ಲಲಿಲ್ಲ, ಹಳಿ ನೋಡುವವರು ಹಳಿಯ ಮೇಲೆಯೇ ಇದ್ದರು. ಜಿಲ್ಲಾ ಕೇಂದ್ರದಲ್ಲಿ ರಾತ್ರಿ ಹಗಲು ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ ಟೈಪ್ ಮಾಡಿದ ಡೇಟಾ ಎಂಟ್ರಿ ಹುಡುಗ ಹುಡುಗಿಯರಿಲ್ಲದಿದ್ದರೆ ಸಂಜೆಯ ಬುಲೆಟಿನ್ ಹೊರಡುತ್ತಿರಲಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಹೊರಗಿನವರು ಮರೆತಿದ್ದಾರೆ, ನಾವು ಮರೆತಿಲ್ಲ. ಅಫಜಲಪುರ, ಜೇವರ್ಗಿ, ಚಿತ್ತಾಪುರ, ಯಾದಗಿರಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು, ರಕ್ಷಣೆಗೆ ಸೇನೆ ಬಂತು. ಒಂದು ಮೀಟರ್ ದೂರ ನಿಲ್ಲಿ ಎಂದವರೇ ನೂರಾರು ಜನರನ್ನು ಒಂದೇ ಶಾಲೆಯಲ್ಲಿ ಇಡಬೇಕಾಯಿತು. ಅಲ್ಲಿ ಅನ್ನ ಬೇಯಿಸಿದವರು, ನೀರು ಇಳಿಯುತ್ತಲೇ ಕೆಸರಿನಲ್ಲಿ ನಿಂತು ಬಿದ್ದ ಕಂಬ ಎತ್ತಿದ ಜೆಸ್ಕಾಂ ಲೈನ್‌ಮನ್‌ಗಳು, ಸತ್ತ ದನಗಳನ್ನು ಸಾಗಿಸಿದವರು, ಇವರಿಗೆ ಪ್ರವಾಹವೂ ಸಾಂಕ್ರಾಮಿಕವೂ ಒಂದೇ ಪಾಳಿಯಲ್ಲಿ ಬಂದವು.

ಈಗ ಒಂದು ಕಠಿಣವಾದ ಮಾತು ಹೇಳಬೇಕಾಗಿದೆ. ನಾವು ಕಲ್ಯಾಣದ ನಾಡಿನವರು. ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. ಬಟ್ಟೆ ಮಡಿ ಮಾಡುವವರು, ಚಪ್ಪಲಿ ಹೊಲಿಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಒಂದೇ ಜಮಖಾನದ ಮೇಲೆ ಕುಳಿತು ಮಾತನಾಡಿದರು. ಆದ್ದರಿಂದ ಸನ್ಮಾನ ಸಮಾರಂಭಗಳಲ್ಲಿ ನಮ್ಮ ಬಾಯಿಗೆ ಮೊದಲು ಬರುವುದು ಕಾಯಕ. ಪೌರಕಾರ್ಮಿಕರಿಗೆ ಶಾಲು ಹೊದಿಸಿ "ನಿಮ್ಮದು ಕಾಯಕ, ಹಣಕ್ಕಾಗಿ ಮಾಡುವ ಕೆಲಸವಲ್ಲ" ಎಂದು ಭಾಷಣ ಮಾಡಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕೆಳಗೆ ಕುಳಿತಿದ್ದವರಿಗೆ ಎರಡು ತಿಂಗಳಿಂದ ಸಂಬಳವಾಗಿರಲಿಲ್ಲ. ಇದು ಶರಣರ ಮಾತಿಗೆ ಮಾಡುವ ದ್ರೋಹ. ಶರಣರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟರು. ದುಡಿಮೆಯ ಫಲ ಹಂಚಿಕೆಯಾಗಬೇಕೆಂದರು. ದುಡಿಯುವವನ ಪಾಲನ್ನು ತಡೆಹಿಡಿದು ಅವನಿಗೇ ಕಾಯಕದ ಮಹಿಮೆ ಹೇಳಲು ಯಾವ ಶರಣರೂ ನಮಗೆ ಅಧಿಕಾರ ಕೊಟ್ಟಿಲ್ಲ. ಬೆಂಗಳೂರು ಮತ್ತು ಇತರ ಊರುಗಳ ಪೌರಕಾರ್ಮಿಕರು 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಬೀದಿಗೆ ಬಂದ ಮೇಲೆ, ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ 11,133 ಮಂದಿಯನ್ನು ಕಾಯಂ ಮಾಡಲು ಒಪ್ಪಿತು. ಶಾಲುಗಳು ಕೊಡಿಸದಿದ್ದದ್ದನ್ನು ಮುಷ್ಕರ ಕೊಡಿಸಿತು.

2020ರ ಮಾರ್ಚ್ 22ರ ಸಂಜೆ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಜಾಗಟೆ ಬಾರಿಸಿದೆವು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಾಳಿ ಮುಗಿಸಿ ಹೋಗುತ್ತಿದ್ದ ಒಬ್ಬ ಸಫಾಯಿ ಕರ್ಮಚಾರಿ ಆ ಸದ್ದು ಕೇಳಿ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದೇನೆ. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ದೇಶದ ಮೊದಲ ಚುಚ್ಚುಮದ್ದು ದೆಹಲಿಯ ಏಮ್ಸ್‌ನ ಒಬ್ಬ ಸಫಾಯಿ ಕರ್ಮಚಾರಿಗೆ ಸಂದಿತು. ಅದು ಸರಿಯಾದ ನಿರ್ಧಾರ. ಹಾಗಾದರೆ ಎಲ್ಲಿ ತಪ್ಪಿತು?

ಉತ್ತರಕ್ಕೆ ವಿಮೆಯ ಕಾಗದ ನೋಡಬೇಕು. ಕೋವಿಡ್ ಕರ್ತವ್ಯದಲ್ಲಿದ್ದ ಆರೋಗ್ಯ ಕಾರ್ಯಕರ್ತರು ಸತ್ತರೆ 50 ಲಕ್ಷ ರೂಪಾಯಿ ಎಂದು ಕೇಂದ್ರ ಸರ್ಕಾರ 2020ರ ಮಾರ್ಚ್ 26ರಂದು ಘೋಷಿಸಿತು. ಆ ಯೋಜನೆಯ ಬರಹ ಉದಾರವಾಗಿತ್ತು. ಆಶಾ, ಸಫಾಯಿ, ದಿನಗೂಲಿ, ಹೊರಗುತ್ತಿಗೆ, ಎಲ್ಲರ ಹೆಸರೂ ಅದರಲ್ಲಿತ್ತು. ಹಣ ಬೇಕೆಂದರೆ ಕೊಡಬೇಕಾದ ದಾಖಲೆಗಳ ಪಟ್ಟಿಯೂ ಇತ್ತು. ಸೋಂಕು ಖಚಿತಪಡಿಸಿದ ಪ್ರಯೋಗಾಲಯದ ವರದಿ, ಮರಣ ಪ್ರಮಾಣಪತ್ರ, ವಾರಸುದಾರರ ಗುರುತು, ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ, ಸತ್ತವರು ನಮ್ಮಲ್ಲಿ ಕೆಲಸಕ್ಕಿದ್ದರು, ಕೋವಿಡ್ ಆರೈಕೆಗೆ ನಿಯೋಜಿತರಾಗಿದ್ದರು ಎಂದು ಸಂಸ್ಥೆ ಬರೆದುಕೊಡುವ ಪತ್ರ. ಕಾಯಂ ನೌಕರನಿಗೆ ಈ ಪತ್ರ ಒಂದು ದಿನದ ಕೆಲಸ: ಹಾಜರಿ ಪುಸ್ತಕ ಇದೆ, ಕರ್ತವ್ಯದ ಆದೇಶ ಇದೆ, ಸಂಬಳದ ಬಿಲ್ಲಿದೆ. ಮೇಸ್ತ್ರಿಯ ಡೈರಿಯಲ್ಲಿ ಹೆಸರಿದ್ದವನಿಗೆ? ಆಸ್ಪತ್ರೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಹಳೆಯ ಗುತ್ತಿಗೆದಾರನನ್ನು ತೋರಿಸುತ್ತಾನೆ, ವಿಧವೆ ಮೂರು ಕಚೇರಿಗಳ ನಡುವೆ ಓಡಾಡುತ್ತಾಳೆ. ಕಾನೂನು ಅವಳ ಪರವಾಗಿಯೇ ಇದೆ. ಕಾಗದ ಇಲ್ಲ.

ಸಿಲಿಂಡರ್ ಉರುಳಿಸುತ್ತಿದ್ದ ಆ ಇಬ್ಬರೂ ಬದುಕಿದ್ದಾರೆ, ಅದು ನಮ್ಮ ಪುಣ್ಯ. ಸತ್ತಿದ್ದರೆ ಅವರ ತಾಯಂದಿರಿಗೆ ನಾನು ಏನು ಬರೆದುಕೊಡಬಹುದಿತ್ತು ಎಂದು ಯೋಚಿಸಿದ ರಾತ್ರಿಗಳಿವೆ. ನಿವೃತ್ತಿಯ ಮೊದಲು ರಿಜಿಸ್ಟರಿನ ಹೊಸ ಪುಟಗಳಲ್ಲಿ "ಸಾಗಿಸಿದವರು" ಎಂದು ಒಂದು ಕಾಲಂ ಗೆರೆ ಹೊಡೆದು ಬಂದೆ. ಮೇಲಿನವರು ಆಕ್ಷೇಪಿಸಲಿಲ್ಲ. ಅದು ಈಗಲೂ ತುಂಬುತ್ತಿದೆ ಎಂದು ಅಲ್ಲಿನವರು ಹೇಳುತ್ತಾರೆ.

ಹಾಗಾದರೆ ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ಸನ್ಮಾನ ಮಾಡುತ್ತೇವೆ ಎಂದು ನಿಮ್ಮ ಶಿಬಿರಾಧಿಕಾರಿಗಳು ಹೇಳಿದರು. ಮಾಡಿ, ಒಳ್ಳೆಯದು. ಶಾಲಿನ ಜೊತೆಗೆ ಇನ್ನೊಂದು ಕೆಲಸ ಮಾಡಿ. ನಿಮ್ಮೆಲ್ಲರ ಕೈಯಲ್ಲಿ ಮೊಬೈಲಿದೆ. ಹೊರಗುತ್ತಿಗೆಯವರ ಸಂಬಳದಿಂದ ಭವಿಷ್ಯ ನಿಧಿಗೆಂದು ಹಣ ಕಡಿತವಾಗುತ್ತದೆ. ಅದು ನಿಜವಾಗಿ ಖಾತೆಗೆ ಬೀಳುತ್ತಿದೆಯೇ ಎಂದು ಬಹಳ ಜನಕ್ಕೆ ನೋಡಲು ಬರುವುದಿಲ್ಲ. ಯುಎಎನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇದ್ದರೆ ಪಾಸ್‌ಬುಕ್ ಮೊಬೈಲಿನಲ್ಲೇ ತೆರೆಯುತ್ತದೆ. ಅದರಲ್ಲಿ ತಿಂಗಳು ತಿಂಗಳೂ ಯಾವ ಗುತ್ತಿಗೆದಾರ ಎಷ್ಟು ತುಂಬಿದ್ದಾನೆ ಎಂದು ಕಾಣುತ್ತದೆ. ಆ ಪಾಸ್‌ಬುಕ್ಕೇ ಅವರು ಆ ತಿಂಗಳು ಕೆಲಸದಲ್ಲಿದ್ದರು ಎಂಬುದಕ್ಕೆ ದಾಖಲೆ. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಚೀಟಿಯೂ ಹಾಗೆಯೇ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಸಂಸ್ಥೆಯೇ ಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ಇದೆ. ಇದನ್ನು ಅವರಿಗೆ ಓದಿ ಹೇಳಿ. ನಿಮ್ಮ ಕಾಲೇಜಿನ ಶೌಚಾಲಯ ತೊಳೆಯುವವರಿಂದಲೇ ಆರಂಭಿಸಬಹುದು. ಅವರ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಎಂದು ನಾನು ಕೈ ಎತ್ತಿಸುವುದಿಲ್ಲ, ನಿಮ್ಮಷ್ಟಕ್ಕೆ ನೀವೇ ಕೇಳಿಕೊಳ್ಳಿ.

ಆಮೇಲೆ ಆಸ್ಪತ್ರೆಗೆ ಬನ್ನಿ. ನಾನೂ ಜೊತೆಗಿರುತ್ತೇನೆ. ಸಂಜೆ ಬರಬೇಡಿ, ಆಗ ಎಲ್ಲರೂ ಮನೆಗೆ ಓಡುವ ಅವಸರದಲ್ಲಿರುತ್ತಾರೆ. ಪಾಳಿ ಮಧ್ಯಾಹ್ನ ಎರಡಕ್ಕೆ ಬದಲಾಗುತ್ತದೆ. ಒಂದೂವರೆಗೆ ಹಿಂದಿನ ಗೇಟಿನ ಬೇವಿನ ಮರದ ಹತ್ತಿರ ಬಂದರೆ ಬುತ್ತಿ ಉಣ್ಣುತ್ತ ಎರಡೂ ಪಾಳಿಯವರು ಸಿಗುತ್ತಾರೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ತರಲು ಅವರಿಗೆ ಮೊದಲೇ ಹೇಳಿಟ್ಟಿರುತ್ತೇನೆ, ಒಟಿಪಿ ಅದಕ್ಕೇ ಬರುತ್ತದೆ.